ಕಂಪ್ಯೂಟರಿಗೆ ಮೂವತ್ತು ಸಾವಿರದ ಒಡವೆ?

ಚಿಕ್ಕನಾಯಕನಹಳ್ಳಿಯ ಸೋದರಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಪೂರ್ತಿ ಹಾಕಲು ಈ ಅಂಕಣದಲ್ಲಿ ಜಾಗವಿಲ್ಲ, ಸಾರಾಂಶ ಇಷ್ಟು: "ಮಗ ಡಿಗ್ರಿ ಎರಡನೇ ವರ್ಷ. ಮನೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಅಂತ ಏನೋ ಹಾಕಿಸಬೇಕಂತೆ, 30,000 ರೂಪಾಯಂತೆ. ಅದಿಲ್ಲದೆ ಹೊಸ ಆಟಗಳು ಓಡುವುದಿಲ್ಲವಂತೆ. ಆಟದ ಸಾಮಾನಿಗೆ ಅಷ್ಟು ಹಣವೇ ಅಂತ ಇವರು ಕೂಗಾಡಿದರು. ಅಂದಿನಿಂದ ತಂದೆಗೂ ಮಗನಿಗೂ ಮಾತಿಲ್ಲ, ತಿಂಗಳಾಯಿತು. ಇವರಿಗೊಂದು ಸಲ, ಅವನಿಗೊಂದು ಸಲ ತಟ್ಟೆ ಹಾಕಿ ಸಾಕಾಗಿದೆ. ಫ್ರಿಜ್ಜು ಬದಲಾಯಿಸೋಣ ಅಂತ ಗೃಹಲಕ್ಷ್ಮಿ ಹಣ ಕೂಡಿಟ್ಟಿದ್ದೇನೆ, 18,000 ಆಗಿದೆ. ಕೊಡಲೇ, ಬೇಡವೇ? ಅದೇನು, ಕಂಪ್ಯೂಟರಿಗೆ ಹಾಕುವ ಒಡವೆಯೇ?"

ಒಡವೆಯಲ್ಲ ತಂಗಿ. ಹಪ್ಪಳ ಮಾಡುವ ದಿನ ನೆನಪು ಮಾಡಿಕೊಳ್ಳಿ. ಹಿಟ್ಟಿನ ಹದ, ಉಪ್ಪು, ಖಾರ, ಇಂಗು ನೋಡುವುದಕ್ಕೆ ಮನೆಯ ಹಿರಿಯರು ಒಬ್ಬರೇ ಸಾಕು. ಲಟ್ಟಿಸುವುದಕ್ಕೆ ಮಾತ್ರ ಹತ್ತು ಕೈ ಬೇಕು. ಕೆಲಸ ಸುಲಭದ್ದೇ, ಆದರೆ ಎಲ್ಲ ಒಟ್ಟಿಗೇ ಆಗಬೇಕು. ಕಂಪ್ಯೂಟರಿನಲ್ಲಿ ಪ್ರಾಸೆಸರ್ ಎನ್ನುವುದು ಆ ಹಿರಿಯರು. ಗ್ರಾಫಿಕ್ಸ್ ಕಾರ್ಡು ಲಟ್ಟಣಿಗೆ ಹಿಡಿದು ಕೂತವರು. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಲೆಕ್ಕ ಹಾಕಿದರೆ 20 ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳಿವೆ. ಆಟ ತಡೆತಡೆದು ಓಡಬಾರದು ಅಂದರೆ ಸೆಕೆಂಡಿಗೆ 60 ಸಲ ಅವಕ್ಕೆಲ್ಲ ಹೊಸದಾಗಿ ಬಣ್ಣ ತುಂಬಬೇಕು. ನಮ್ಮ ಮನೆಯಲ್ಲಿರುವ ಪುಟ್ಟ ಕಾರ್ಡಿನಲ್ಲೇ ಇಂಥ ಕೈಗಳು 2,304 ಇವೆಯಂತೆ! ಎನ್‌ವಿಡಿಯಾ ಕಂಪನಿಯವರು 1999ರಲ್ಲಿ ಜಿಫೋರ್ಸ್ 256 ಎಂಬುದನ್ನು ತಂದು ಅದಕ್ಕೆ ಜಿಪಿಯು ಎಂದು ಹೆಸರಿಟ್ಟು ಮಾರಿದರು. ಈಗ ಕೃತಕ ಬುದ್ಧಿಮತ್ತೆಯ ಕೆಲಸಕ್ಕೂ ಇದೇ ಬಗೆಯ ಚಿಪ್ಪುಗಳು ಬೇಕು.

ಕಾರ್ಡಿಲ್ಲದ ಕಂಪ್ಯೂಟರಿನಲ್ಲೂ ಸಾಮಾನ್ಯವಾಗಿ ಪ್ರಾಸೆಸರಿನೊಳಗೇ ಒಂದಿಷ್ಟು ಕೈ ಸೇರಿಸಿಕೊಟ್ಟಿರುತ್ತಾರೆ. ಕಾಲೇಜಿನ ಕೆಲಸಕ್ಕೆ, ಸಿನಿಮಾ ನೋಡಲಿಕ್ಕೆ, ವ್ಯಾಲೊರಂಟಿನಂಥ ಹಗುರ ಆಟಕ್ಕೆ ಅಷ್ಟು ಸಾಕು. ಸೈಬರ್‌ಪಂಕ್ 2077, ಫೋರ್ಜಾ ಹೊರೈಜನ್ 5 ಇಂಥವು ಬೇಕೆಂದರೆ ಆಗುವುದಿಲ್ಲ. ನಿಮ್ಮ ಮಗ ಹೇಳಿದ್ದು ನಿಜ.

ಆದರೆ "ಓದಿಗೆ ಬೇಕು" ಎಂದು ಹೇಳಿದ್ದರೆ ಮಾತ್ರ ನಂಬಬೇಡಿ. ವಿಡಿಯೋ ಎಡಿಟಿಂಗು, ಬ್ಲೆಂಡರಿನಲ್ಲಿ ಬೊಂಬೆ ಮಾಡುವುದು ಇದ್ದರೆ ಕಾರ್ಡಿನಿಂದ ಉಪಯೋಗವುಂಟು. ಬಿ.ಕಾಂ. ಓದುವ ಹುಡುಗನಿಗೆ ಇಲ್ಲ. ನಮ್ಮ ಮನೆಯಲ್ಲಿ ಕೇಳಿದ್ದು ಮಗಳು. (ಹೆಣ್ಣುಹುಡುಗಿಗೆ ಯಾಕ್ರೀ ಇದೆಲ್ಲ ಅಂತ ಎದುರುಮನೆಯವರು ಕೇಳಿದರು. ಅವರ ಮಗ ಆಡಿದರೆ ಅದು ಬುದ್ಧಿವಂತಿಕೆ!) ಅವಳೂ ಮೊದಲು ಓದಿನ ಹೆಸರನ್ನೇ ಹೇಳಿದಳು. "ಆಟಕ್ಕೆ ಅಂದರೆ ಆಟಕ್ಕೆ ಅಂತಲೇ ಕೇಳು, ನಾಚಿಕೆ ಯಾಕೆ?" ಎಂದೆ. ನಾನು ಸೀರೆ ಕೊಳ್ಳುವಾಗ ಅಡುಗೆಗೆ ಬೇಕು ಅನ್ನುತ್ತೇನೆಯೇ?

ಇನ್ನು ದುಡ್ಡಿನ ವಿಚಾರ. ಮಗ ಕೇಳಿದ್ದು ಆರ್‌ಟಿಎಕ್ಸ್ 5060 ಎಂದು ಬರೆದಿದ್ದೀರಿ. 2025ರ ಮೇ ತಿಂಗಳಲ್ಲಿ ಬಂದ ಕಾರ್ಡು, ಒಳ್ಳೆಯದೇ. ಆದರೆ ಅದೊಂದೇ 145 ವ್ಯಾಟ್ ಕರೆಂಟು ಎಳೆಯುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ 550 ವ್ಯಾಟಿನದು ಇರಲಿ ಎಂದು ಕಂಪನಿಯವರೇ ಹೇಳುತ್ತಾರೆ. ಆನ್‌ಲೈನ್ ಪಾಠಕ್ಕೆಂದು 2020ರಲ್ಲಿ ಕೊಂಡ ಕಂಪ್ಯೂಟರಲ್ಲವೇ ನಿಮ್ಮದು? ಅಂಥವುಗಳಲ್ಲಿ ಎಷ್ಟೋ ಕಡೆ 200-300 ವ್ಯಾಟಿನ ಡಬ್ಬಿ ಇರುತ್ತದೆ, ಕಾರ್ಡಿಗೆ ಕೊಡುವ ಬೇರೆ ತಂತಿಯೂ ಇರುವುದಿಲ್ಲ. ಅಂದರೆ ಕಾರ್ಡಿನ ಜೊತೆ ಪವರ್ ಸಪ್ಲೈಗೂ ದುಡ್ಡು ಬಿಚ್ಚಬೇಕು. ಮಗ್ಗುಲ ಮುಚ್ಚಳ ತೆಗೆದು ಆ ಡಬ್ಬಿಯ ಮೇಲಿನ ಚೀಟಿ ಓದಿಸಿ, ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. ಕಾರ್ಡು ಕೂರುವ ಜಾಗ ಎಷ್ಟು ಉದ್ದವಿದೆ ಅಂತ ಹೊಲಿಗೆಯ ಟೇಪಿನಲ್ಲೇ ಅಳೆಯಿರಿ. ಕಾರ್ಡಿನ ಅಳತೆ ಕಂಪನಿಯವರು ಮಿಲಿಮೀಟರಿನಲ್ಲಿ ಕೊಟ್ಟಿರುತ್ತಾರೆ. ಅಂದಹಾಗೆ ಲ್ಯಾಪ್‌ಟಾಪ್ ಇರುವ ಮನೆಯವರು ಈ ಆಸೆ ಬಿಡುವುದೇ ಮೇಲು, ಅದರಲ್ಲಿ ಸಾಮಾನ್ಯವಾಗಿ ಚಿಪ್ಪನ್ನು ಬೆಸೆದೇ ಕೂರಿಸಿರುತ್ತಾರೆ.

ನಮ್ಮದೂ ಇಂಥದ್ದೇ ಕಂಪ್ಯೂಟರು. ಮಗಳು ವಾರಗಟ್ಟಲೆ ನೋಡಿ ಆರಿಸಿದ್ದು ಆರ್‌ಟಿಎಕ್ಸ್ 3050, ಅದರಲ್ಲೂ 6 ಜಿಬಿಯದು. 2024ರ ಫೆಬ್ರವರಿಯಲ್ಲಿ ಬಂದದ್ದು. 70 ವ್ಯಾಟ್ ಮಾತ್ರ. ಕಾರ್ಡು ಕೂರುವ ಸೀಳಿನಿಂದಲೇ 75 ವ್ಯಾಟಿನವರೆಗೆ ಕರೆಂಟು ಸಿಗುವುದರಿಂದ ಬೇರೆ ತಂತಿ ಬೇಡ. ಚಿಕ್ಕ ಪೆಟ್ಟಿಗೆಗೆ ಹೊಂದುವ ಗಿಡ್ಡ ಕಾರ್ಡೂ ಬರುತ್ತದೆ. ಅದೇ ಹೆಸರಿನ 8 ಜಿಬಿ ಕಾರ್ಡು 130 ವ್ಯಾಟಿನದು, ಅಂಗಡಿಯಲ್ಲಿ ಎರಡನ್ನೂ ಒಂದೇ ಎನ್ನುತ್ತಾರೆ, ಎಚ್ಚರ. ಬೆಂಗಳೂರಿಗೆ ಮದುವೆಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದು ಕೊಂಡೆವು, ಶೇಕಡಾ 18 ಜಿಎಸ್‌ಟಿ ಸೇರಿ 17,800 ರೂಪಾಯಿ. ಮಕ್ಕಳಿಗೆ ಪಾಠ ಹೇಳಿ ಅವಳೇ ಗಳಿಸಿದ್ದು 6,000, ಉಳಿದದ್ದು ನನ್ನದು. ಬಿಲ್ಲು, ಡಬ್ಬ, ಅದರ ಮೇಲಿನ ನಂಬರು ಎಲ್ಲ ಬೀರುವಿನಲ್ಲಿಟ್ಟಿದ್ದೇನೆ. ವಾರಂಟಿ ಮೂರು ವರ್ಷ, ಬಿಲ್ಲಿಲ್ಲದೆ ಯಾರೂ ಮಾತಾಡಿಸುವುದಿಲ್ಲ.

ಇದಕ್ಕಿಂತ ಕಡಿಮೆಗೆ ಬೇಕೆಂದು ಹಳೆಯ ಮಾಲಿನ ಕಡೆ ಮನಸ್ಸು ಹೋಗುವುದು ಸಹಜ. ನಮ್ಮ ನಾದಿನಿಯ ಮಗ ಯಾರದೋ ಕೈಯಿಂದ 5,000ಕ್ಕೆ ಒಂದು ತಂದ. ಮೇಲಿನ ಚೀಟಿ ಜಿಟಿಎಕ್ಸ್ 1050 ಟಿಐ ಎನ್ನುತ್ತಿತ್ತು, ಕಂಪ್ಯೂಟರೂ ಹಾಗೆಂದೇ ತೋರಿಸಿತು. ಜಿಪಿಯು-ಜಡ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ನೋಡಿದಾಗ ಹೊರಬಿತ್ತು, ಒಳಗಿದ್ದದ್ದು ಎಷ್ಟೋ ವರ್ಷ ಹಿಂದಿನ 550 ಟಿಐ ಚಿಪ್ಪು. ಗಿಲೀಟು ಬಳೆಯನ್ನು ಚಿನ್ನವೆಂದು ಮಾರಿದ ಹಾಗೆ! ಮಾರಿದವನ ಫೋನು ಇವತ್ತಿಗೂ ಸ್ವಿಚ್ ಆಫ್. ಅಸಲಿ ಮಾಲೇ ಆದರೂ ಎಷ್ಟು ಬೆಂದಿದೆಯೋ ಯಾರು ಬಲ್ಲರು? 2021ರ ಸುಮಾರಿಗೆ ಈಥರ್ ಎಂಬ ಕ್ರಿಪ್ಟೊ ನಾಣ್ಯ ಗಳಿಸಲು ಜನ ಹಗಲೂ ರಾತ್ರಿ ಈ ಕಾರ್ಡುಗಳನ್ನು ಓಡಿಸಿದರು, ಅಂಗಡಿಯಲ್ಲಿ ಬೆಲೆ ಗಗನಕ್ಕೇರಿತ್ತು. 2022ರ ಸೆಪ್ಟೆಂಬರಿನಲ್ಲಿ ಆ ವಿಧಾನವೇ ನಿಂತುಹೋದ ಮೇಲೆ ಹೀಗೆ ದುಡಿದ ಕಾರ್ಡುಗಳೆಲ್ಲ ಮಾರಾಟಕ್ಕೆ ಬಂದವು. ಹಳೆಯದನ್ನು ಕೊಳ್ಳಲೇಬೇಕೆಂದರೆ ಕಣ್ಣೆದುರಿಗೆ ಅರ್ಧ ಗಂಟೆ ಆಟ ಓಡಿಸಿ ತೋರಿಸಲಿ. ಫ್ಯಾನಿನ ಸದ್ದು ಕೇಳಿ, ಆ ತಂತ್ರಾಂಶದಲ್ಲಿ ನೋಡಿ, ಆಮೇಲೆ ಹಣ.

ಕಾರ್ಡು ಹಾಕುವ ಕೆಲಸಕ್ಕೆ ಮೆಕ್ಯಾನಿಕ್ಕು ಬೇಕಾಗಲಿಲ್ಲ. ಕಂಪ್ಯೂಟರೇ ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ, ಬಿಚ್ಚುವ ಮುಂಚೆ ಮಾರಿದವರನ್ನು ಕೇಳಿಕೊಳ್ಳಿ. ಪ್ಲಗ್ಗು ಕಿತ್ತು, ಪೆಟ್ಟಿಗೆಯ ಕಬ್ಬಿಣ ಒಮ್ಮೆ ಮುಟ್ಟಿ (ಮೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿಯಲೆಂದು), ಹಿಂದಿನ ಪಟ್ಟಿ ತೆಗೆದು, ಸೀಳಿಗೆ ನೆಟ್ಟಗೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ಸ್ಕ್ರೂ ಬಿಗಿ ಮಾಡಬೇಕು. ಪರದೆಯ ತಂತಿಯನ್ನು ಹಳೆಯ ಜಾಗಕ್ಕೆ ಚುಚ್ಚಬಾರದು, ಹೊಸ ಕಾರ್ಡಿನ ಹಿಂಭಾಗಕ್ಕೇ ಚುಚ್ಚಬೇಕು. ಎಷ್ಟೋ ಜನ ಇಲ್ಲೇ ಎಡವಿ ಕಾರ್ಡು ಕೆಟ್ಟಿದೆ ಅಂತ ಅಂಗಡಿಗೆ ಓಡುತ್ತಾರಂತೆ. ಆಮೇಲೆ ಕಂಪನಿಯ ಜಾಲತಾಣದಿಂದ ಡ್ರೈವರ್ ಇಳಿಸಿಕೊಂಡರೆ ಮುಗಿಯಿತು. ಕಂಪ್ಯೂಟರನ್ನು ಅಡುಗೆಮನೆಯ ಬಾಗಿಲಿಂದ ದೂರ ಇಡಿ. ಒಗ್ಗರಣೆಯ ಎಣ್ಣೆ ಹೊಗೆಗೆ ಧೂಳು ಸೇರಿದರೆ ಫ್ಯಾನಿನಲ್ಲಿ ಎಂಥ ಅಂಟು ಕೂರುತ್ತದೆ ಅಂತ ನಮಗಲ್ಲದೆ ಇನ್ಯಾರಿಗೆ ಗೊತ್ತು?

ಕರೆಂಟು ಬಿಲ್ಲಿನ ಚಿಂತೆ ನನಗೂ ಇತ್ತು. ಆಡುವಾಗ ಎಲ್ಲ ಸೇರಿ ಸುಮಾರು 150 ವ್ಯಾಟ್ ಎಂದಿಟ್ಟುಕೊಂಡರೂ ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 13-14 ಯೂನಿಟ್ಟು. ಗೃಹಜ್ಯೋತಿಯಲ್ಲಿ ನಮ್ಮ ಪಾಲಿಗೆ ಬಂದಷ್ಟು ಯೂನಿಟ್ ಮೀರಿದರೆ ಹೆಚ್ಚಿನದಕ್ಕೆ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ನಮ್ಮ ತಲೆಗೆ. ನೀವು 190ರ ಆಸುಪಾಸಿನಲ್ಲಿದ್ದರೆ ಇದನ್ನು ಮಗನಿಗೆ ಮೊದಲೇ ಹೇಳಿಬಿಡಿ.

ತಂಗಿ, ನನ್ನ ಮಾತು ಕೇಳುವುದಾದರೆ ಆ 18,000 ಪೂರ್ತಿ ಕೊಡಬೇಡಿ. ಅದು ನಿಮ್ಮ ಹಣ, ಫ್ರಿಜ್ಜೂ ನಿಮ್ಮ ಆಸೆಯೇ. ಅರ್ಧ ಅವನು ರಜದಲ್ಲಿ ದುಡಿದು ತರಲಿ, ಅರ್ಧ ನೀವು ಹಾಕಿ, ಚಿಕ್ಕ ಕಾರ್ಡೇ ಸಾಕು. ನಿಮ್ಮ ಪರದೆ ಸೆಕೆಂಡಿಗೆ 60 ಸಲದ್ದಾದರೆ ಅದಕ್ಕಿಂತ ಹೆಚ್ಚು ಚಿತ್ರ ಕಳಿಸಿಯೂ ಅದು ತೋರಿಸುವುದಿಲ್ಲ, ದೊಡ್ಡ ಕಾರ್ಡಿನ ಸಾಮರ್ಥ್ಯ ಬಹುಪಾಲು ಮಲಗಿರುತ್ತದೆ. ಆ ಪವರ್ ಸಪ್ಲೈ ಚೀಟಿ ಓದುವುದಕ್ಕೆ ನಿಮ್ಮ ಮನೆಯವರನ್ನೇ ಕರೆಯಿರಿ. "ಸ್ಕ್ರೂ ಬಿಚ್ಚೋದಕ್ಕೆ ಬರ್ತೀರಾ, ಇವನಿಗೆ ಆಗ್ತಿಲ್ಲ" ಅನ್ನಿ. ಸ್ಕ್ರೂಡ್ರೈವರ್ ಹಿಡಿದ ಗಂಡಸು ಎಷ್ಟು ಹೊತ್ತು ಸುಮ್ಮನಿದ್ದಾನು? ಅವರ ಹೆದರಿಕೆ ಹಣ ಕಟ್ಟಿ ಆಡುವ ಆಟಗಳದ್ದಾಗಿದ್ದರೆ, ಅದು ಬೇರೆ, ಇದು ಬೇರೆ, ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲೇ ಕೇಂದ್ರದ ಕಾಯಿದೆ ಬಂದಿದೆ ಎಂದು ತಿಳಿಸಿ.

ಚೀಟಿಯಲ್ಲಿ ಎಷ್ಟು ವ್ಯಾಟ್ ಇತ್ತು ಎಂದು ಮರೆಯದೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅರಸೀಕೆರೆಯ ಓದುಗರು ಕೇಳಿರುವ ನೆಲ್ಲಿಕಾಯಿ ಉಪ್ಪಿನಕಾಯಿ ಬೂಷ್ಟು ಹಿಡಿಯುವ ವಿಚಾರ ನೋಡೋಣ.