ಗಂಟಲುಮಾರಿಯ ವಿಷ ಯಾರದು?

ಶಾಲೆಯಲ್ಲಿ ಚುಚ್ಚುಮದ್ದಿನ ದಿನ ಬಂತೆಂದರೆ ರಕ್ಷಕರಿಂದ ನಾವು ಕೇಳುವ ಮಾತು ಒಂದೇ: "ಗಂಟಲುಮಾರಿ ಈಗ ಎಲ್ಲಿದೆ ಮಾಷ್ಟ್ರೇ? ಸಣ್ಣದಿರುವಾಗಲೇ ಕೊಡಿಸಿದ್ದೇವಲ್ಲ?" ಪ್ರಶ್ನೆ ತಪ್ಪಲ್ಲ. ಉತ್ತರ ಹೇಳದೆ ಸಮ್ಮತಿಪತ್ರಕ್ಕೆ ಸಹಿ ಕೇಳುವ ನಾವು ಅಧ್ಯಾಪಕರೇ ತಪ್ಪು ಮಾಡುತ್ತಿದ್ದೇವೆ.

ತರಗತಿಯಲ್ಲಿ ನಾವು ರೋಗಗಳನ್ನು ಎರಡು ಪಟ್ಟಿ ಮಾಡಿ ಬರೆಸುತ್ತೇವೆ. ವೈರಸ್‌ನಿಂದ ಬರುವವು ಒಂದು ಕಡೆ, ಬ್ಯಾಕ್ಟೀರಿಯದಿಂದ ಬರುವವು ಇನ್ನೊಂದು ಕಡೆ. ಗಂಟಲುಮಾರಿ, ಅಂದರೆ ಡಿಫ್ತೀರಿಯ, ಎರಡನೆಯ ಪಟ್ಟಿಗೆ ಹೋಗುತ್ತದೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ.

ಬ್ಯಾಕ್ಟೀರಿಯಗಳಿಗೂ ವೈರಸ್ ತಗಲುತ್ತದೆ. ಅಂಥ ವೈರಸ್‌ಗೆ ಫೇಜ್ ಎಂದು ಹೆಸರು. ಕೆಲವು ಫೇಜ್‌ಗಳು ಬ್ಯಾಕ್ಟೀರಿಯವನ್ನು ಒಡೆದು ಕೊಲ್ಲುತ್ತವೆ. ಇನ್ನು ಕೆಲವು ಕೊಲ್ಲದೆ, ತಮ್ಮ ಡಿಎನ್‌ಎಯನ್ನು ಅದರ ಡಿಎನ್‌ಎಯೊಳಗೆ ಸೇರಿಸಿ ಸುಮ್ಮನೆ ಉಳಿದುಬಿಡುತ್ತವೆ. ನೋಟ್ ಪುಸ್ತಕದ ನಡುವೆ ಬೇರೆಯವರ ಹಾಳೆಯೊಂದನ್ನು ಸೇರಿಸಿ ಹೊಲಿದರೆ, ಆ ಮೇಲೆ ತೆಗೆದ ಪ್ರತಿಯೊಂದು ಜೆರಾಕ್ಸ್‌ನಲ್ಲೂ ಆ ಹಾಳೆ ಇರುತ್ತದಲ್ಲವೇ? ಹಾಗೆಯೇ ಬ್ಯಾಕ್ಟೀರಿಯ ಒಂದು ಎರಡಾಗಿ, ಎರಡು ನಾಲ್ಕಾಗುವಾಗ ವೈರಸ್‌ನ ಜೀನ್‌ಗಳೂ ವಂಶಪಾರಂಪರ್ಯವಾಗಿ ಸಾಗುತ್ತವೆ.

1951ರಲ್ಲಿ ಅಮೆರಿಕದ ಫ್ರೀಮನ್ ಎಂಬ ವಿಜ್ಞಾನಿ, ವಿಷ ಉತ್ಪಾದಿಸದ ಡಿಫ್ತೀರಿಯ ಬ್ಯಾಕ್ಟೀರಿಯಗಳಿಗೆ ಫೇಜ್ ತಗಲಿಸಿ ನೋಡಿದರು. ಬದುಕುಳಿದವುಗಳಲ್ಲಿ ವಿಷ ತಯಾರಿಸುವ ಗುಣ ಬಂದಿತ್ತು! ಆ ವಿಷದ ಜೀನ್ ಫೇಜ್‌ನದೇ ಎಂಬುದು ಮುಂದೆ ಖಚಿತವಾಯಿತು. ಕಾಲರಾದ ಕಥೆಯೂ ಹೀಗೆಯೇ. ಅದರ ವಿಷದ ಜೀನ್‌ಗಳು ಕೂಡ ಫೇಜ್ ಒಂದರಿಂದ ಬಂದವೆಂದು 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೋಸ್ ತೋರಿಸಿದರು.

ಇದಕ್ಕೂ ಚುಚ್ಚುಮದ್ದಿಗೂ ಏನು ಸಂಬಂಧ? ಗಂಟಲುಮಾರಿಯಲ್ಲಿ ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ಈ ವಿಷ. ಅದು ಜೀವಕೋಶಗಳು ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಗಂಟಲಲ್ಲಿ ಪೊರೆ ಕಟ್ಟಿಸುತ್ತದೆ, ಹೃದಯಕ್ಕೂ ನರಗಳಿಗೂ ಹಾನಿ ಮಾಡುತ್ತದೆ. ನಮ್ಮ ಲಸಿಕೆಯಲ್ಲಿರುವುದು ನಿರಪಾಯಗೊಳಿಸಿದ ಅದೇ ವಿಷ. ಅಂದರೆ ಲಸಿಕೆ ದೇಹಕ್ಕೆ ಕಲಿಸುವುದು ವಿಷವನ್ನು ಎದುರಿಸಲು. ಬ್ಯಾಕ್ಟೀರಿಯ ಗಂಟಲಲ್ಲಿ ಬಂದು ಕೂರುವುದನ್ನು ಅದು ಪೂರ್ತಿ ತಡೆಯುವುದಿಲ್ಲ. ರೋಗ ಕಾಣದ ಊರಿನಲ್ಲೂ ಬ್ಯಾಕ್ಟೀರಿಯ ಯಾರದೋ ಗಂಟಲಲ್ಲಿ ಇರಬಹುದು. ಇಂದು ವಿಷವಿಲ್ಲದ್ದು ಫೇಜ್ ತಗಲಿ ನಾಳೆ ವಿಷಕಾರಿಯಾಗಲೂಬಹುದು. ಸಣ್ಣಂದಿನಲ್ಲಿ ಪಡೆದ ರಕ್ಷಣೆ ವರ್ಷಗಳು ಕಳೆದಂತೆ ಕುಗ್ಗುತ್ತದೆ. ಅದಕ್ಕೇ 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ ಚುಚ್ಚುಮದ್ದು.

ದೂರದ ಮಾತೂ ಅಲ್ಲ ಇದು. 2015 ಮತ್ತು 2016ರಲ್ಲಿ ನಮ್ಮ ಕೇರಳದ ಮಲಪ್ಪುರಂ ಜಿಲ್ಲೆಯಲ್ಲೇ ಗಂಟಲುಮಾರಿ ಮಕ್ಕಳ ಪ್ರಾಣ ತೆಗೆದಿದೆ.

"ಫೇಜ್, ಜೀನ್ ಎಲ್ಲ ದೊಡ್ಡ ತರಗತಿಯ ಪಾಠ, ಕನ್ನಡದಲ್ಲಿ ಹೇಳುವುದು ಕಷ್ಟ" ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾವು ಒಪ್ಪುವುದಿಲ್ಲ. ಪಾರಿಭಾಷಿಕ ಪದ ನಾಲ್ಕು ಸಾಕು, ಉಳಿದದ್ದು ಮನೆಮಾತಿನಲ್ಲೇ ಹೇಳಬಹುದು. ಆರೋಗ್ಯ ಇಲಾಖೆಯ ಸೂಚನಾಪತ್ರ ಮಲಯಾಳದಲ್ಲಿ ಬಂದರೆ ಓದಲಾಗದೆ ಮಡಚಿಡುವ ಮನೆಗಳು ನಮ್ಮಲ್ಲಿವೆ. ಆ ಮನೆಗಳಿಗೆ ಈ ವಿಷಯ ತಲುಪಿಸಬಲ್ಲವರು ನಮ್ಮ ಮಕ್ಕಳೇ, ಅದೂ ಅವರಿಗೆ ಅರ್ಥವಾಗಿದ್ದರೆ ಮಾತ್ರ.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ಚುಚ್ಚುಮದ್ದಿನ ಹಿಂದಿನ ವಾರ ಒಂದು ಪೀರಿಯಡ್ ಈ ಕಥೆಗೆ ಮೀಸಲಿಡೋಣ. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲೂ ಹತ್ತು ನಿಮಿಷ ಹೇಳೋಣ. ಸಹಿ ಕೇಳುವುದು ಆ ಮೇಲೆ.