ಎಲ್ಲವನ್ನೂ ನಾರ್ಮಲೈಸ್ ಮಾಡ್ಬೇಡಿ ಮಾರಾಯ್ರೆ!

ಠಾಣೆ, ಡೊಂಬಿವಲಿ, ವಾಶಿ... ನಮ್ಮವರ ತಾಳಮದ್ದಳೆ ಎಲ್ಲಿದ್ದರೂ ಈಗ ರೆಕಾರ್ಡಿಂಗ್ ಇದ್ದದ್ದೇ. ಸಂತೋಷ. ಆದರೆ ಕೇಳಲು ಕೂತರೆ ಭಾಗವತರ ಪದವನ್ನು ಶ್ರುತಿಪೆಟ್ಟಿಗೆ ನುಂಗಿರುತ್ತದೆ! ಯಾಕೆಂದರೆ, "ಎಲ್ಲಾ ಟ್ರ್ಯಾಕೂ ನಾರ್ಮಲೈಸ್ ಮಾಡಿದ್ದೇವಲ್ಲ ಸಾರ್" ಎಂಬ ಉತ್ತರ.

ಅದೇ ತಪ್ಪು ಸ್ವಾಮಿ. ಆಡಾಸಿಟಿಯ ಆ ನಾರ್ಮಲೈಸ್ ನೋಡುವುದು ಟ್ರ್ಯಾಕಿನ ಅತಿ ಎತ್ತರದ ಒಂದೇ ಒಂದು ತುದಿಯನ್ನು. ಕಿವಿಗೆ ಬೇಕಾದದ್ದು ಹೆಚ್ಚುಕಡಿಮೆ ಸರಾಸರಿ. (ಒಂದು ದಿನ ಲಕ್ಷ ಇಟ್ಟವನೂ ವರ್ಷವಿಡೀ ಲಕ್ಷ ಇಟ್ಟವನೂ ನಮ್ಮ ಬ್ಯಾಂಕಿನಲ್ಲಿ ಒಂದೇ ಏನು?) ಚೆಂಡೆಯ ಒಂದು ಜೋರು ಪೆಟ್ಟು ಇಡೀ ಟ್ರ್ಯಾಕನ್ನು ತಗ್ಗಿಸಿಡುತ್ತದೆ, ಏರಿಳಿತವಿಲ್ಲದ ಶ್ರುತಿ ಅದೇ ತುದಿ ಮುಟ್ಟಿ ಮೆರೆಯುತ್ತದೆ. ಮೆಲುದನಿಯ ಅರ್ಥಧಾರಿಯನ್ನು ಏರಿಸಿದರೆ ಸಭಾಗೃಹದ ಫ್ಯಾನೂ ಜೊತೆಗೇ ಏರುತ್ತದೆ. ಮೇಲಾಗಿ ಸೊನ್ನೆ ಡೆಸಿಬೆಲ್ಲಿನ ಎರಡು ಟ್ರ್ಯಾಕ್ ಕೂಡಿಸಿದರೆ ತುದಿ 6 ಡೆಸಿಬೆಲ್ ತನಕ ಮೀರಬಹುದು. ಆಮೇಲೆ ಕೇಳುವುದು ಬರೀ ಒಡಕು!

ಭಾಗವತರ ಸ್ವರವನ್ನು ಮೊದಲು ಕೂರಿಸಿ. ಅದರ ಕೆಳಗೆ ಮದ್ದಳೆ, ಚೆಂಡೆ. ಶ್ರುತಿ ಇದೆಯೋ ಇಲ್ಲವೋ ಎನ್ನುವಷ್ಟು. ಇದಕ್ಕೆ ಬಟನ್ ಇಲ್ಲ, ಫೇಡರ್ ಹಿಡಿದು ಕಿವಿಗೊಟ್ಟು ಕೂರಬೇಕು. ಎಲ್ಲ ಕೂಡಿದ ಮೇಲೆ ಒಂದೇ ಒಂದು ಸಲ, ಮೈನಸ್ 1 ಡೆಸಿಬೆಲ್ಲಿಗೆ ನಾರ್ಮಲೈಸ್ ಮಾಡಿ. ಬೇಡ ಅಂದವರ್ಯಾರು?