ಜೆಸಿಬಿ ನಿಂತಾಗ, ಗೇರ್‌ಬಾಕ್ಸ್ ಬಿಚ್ಚುವ ಮೊದಲು

ಬೆಂಗಳೂರಿನ ಮಲ್ಲೇಶ್ವರಂನಲ್ಲಿ ಪೈಪಿಗೋ ಕೇಬಲ್ಲಿಗೋ ರಸ್ತೆ ಅಗೆಯುತ್ತಿದ್ದರೆ ಅಲ್ಲೊಂದು ಜೆಸಿಬಿ ಇದ್ದೇ ಇರುತ್ತದೆ. ಸೀಟಿನಲ್ಲಿ ಕೂತವರನ್ನು ‘ಯಾವೂರಣ್ಣ?’ ಎಂದು ಮಾತಾಡಿಸಿ ನೋಡಿ. ನಾವು ಮಾತಾಡಿಸಿದಾಗಲೆಲ್ಲ ಬಂದದ್ದು ನಮ್ಮ ಕಡೆಯ ತಾಲ್ಲೂಕುಗಳ ಹೆಸರು. ಎಷ್ಟೋ ಸಲ ಗಾಡಿಯೂ ಊರಿನವರದೇ. ಸಾಲ ಮಾಡಿ ತೆಗೆದ ಗಾಡಿ, ಊರಲ್ಲಿ ಕೆಲಸ ಸಿಗದ ತಿಂಗಳುಗಳಲ್ಲಿ ಬೆಂಗಳೂರಿಗೆ ಬಾಡಿಗೆಗೆ ಬಂದಿರುತ್ತದೆ.

ಅಂಥ ಗಾಡಿಯ ಗೇರ್‌ಬಾಕ್ಸ್ ಕೈಕೊಟ್ಟರೆ ಗಂಟೆ ಲೆಕ್ಕದ ಬಾಡಿಗೆ ಅಲ್ಲಿಗೇ ನಿಂತಿತು. ಕಂತು ಮಾತ್ರ ನಿಲ್ಲುವುದಿಲ್ಲ. ಊರಿನಲ್ಲಿರುವ ಓನರ್‌ಗೆ ಫೋನ್ ಹೋಗುತ್ತದೆ, ಓನರ್ ಗುರುತಿನ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ಗಾಡಿ ನೋಡದೆಯೇ ಉತ್ತರ ಬರುತ್ತದೆ: ‘ಗೇರ್‌ಬಾಕ್ಸ್ ಇಳಿಸಬೇಕು.’

ನಮ್ಮ ಮಾತು ಇಷ್ಟೇ. ಗೇರ್‌ಬಾಕ್ಸ್ ಸಾಮಾನ್ಯವಾಗಿ ಹೇಳಿಯೇ ಕೆಡುತ್ತದೆ. ಅದು ಹೇಳಿದ್ದು ಮೊದಲು ಕೇಳಿಸುವುದು ಆಪರೇಟರ್‌ಗೆ. ಅದನ್ನು ತಿಳಿದುಕೊಳ್ಳಲು ಅವರ ಕೈಗೆ ಕನ್ನಡದಲ್ಲಿ ಬರೆದ ಪುಸ್ತಕ ಬೇಕು. ‘ಇವತ್ತು ಗಾಡಿ ನಿಲ್ಲಿಸುತ್ತೇನೆ’ ಎನ್ನುವ ಅಧಿಕಾರವೂ ಬೇಕು. ಇವೆರಡೂ ಇಲ್ಲದ ಕಡೆ ಸಣ್ಣ ದೋಷ ದೊಡ್ಡ ಸಾಲವಾಗುತ್ತದೆ.

ಓಣಿಯ ಕೆಲಸ ಬೇರೆ, ಹೊಲದ ಕೆಲಸ ಬೇರೆ

ಮಲ್ಲೇಶ್ವರಂ 1890ರ ದಶಕದಲ್ಲಿ ನಕ್ಷೆ ಹಾಕಿ ಕಟ್ಟಿದ ಬಡಾವಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಪೇಟೆಯ ಜನ ಇಲ್ಲಿಗೂ ಬಸವನಗುಡಿಗೂ ಬಂದು ನೆಲೆಸಿದರು. ಜೆಸಿಬಿಯ ಕಾಲಕ್ಕೆ ಬಹಳ ಮುಂಚೆ ಅಳತೆ ಮಾಡಿದ ಅಡ್ಡರಸ್ತೆಗಳು ಅವು. ಮನೆಗಳ ಹಿಂದೆ ಕಸ, ಮಲ ಸಾಗಿಸಲು ಬಿಟ್ಟ ಕಿರಿದಾದ ಕನ್ಸರ್ವೆನ್ಸಿ ಓಣಿಗಳೂ ಇವೆ.

ಹೊಲದಲ್ಲಿ ಬದು ಹಾಕುವಾಗ ಗಾಡಿ ಉದ್ದಕ್ಕೆ ಹೋಗುತ್ತದೆ, ಅಗಲವಾಗಿ ತಿರುಗುತ್ತದೆ. ಇಲ್ಲಿ ಹಾಗಲ್ಲ. ಒಂದು ಕಡೆ ಕಾಂಪೌಂಡ್, ಇನ್ನೊಂದು ಕಡೆ ನಿಲ್ಲಿಸಿದ ಕಾರು, ಮೇಲೆ ಮರದ ಕೊಂಬೆ. ನಾಲ್ಕು ಅಡಿ ಮುಂದೆ, ನಾಲ್ಕು ಅಡಿ ಹಿಂದೆ. ಫಾರ್ವರ್ಡ್, ರಿವರ್ಸ್, ಮತ್ತೆ ಫಾರ್ವರ್ಡ್. ಇಡೀ ದಿನ ಇದೇ ಕೆಲಸ. ಗಂಟೆ ಮೀಟರ್ ಎರಡೂ ಕಡೆ ಒಂದೇ ಲೆಕ್ಕ ತೋರಿಸುತ್ತದೆ, ಆದರೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್ ಓಣಿಯಲ್ಲಿ ಹೆಚ್ಚು ಸವೆಯುತ್ತದೆ. ಬಾಡಿಗೆ ಮಾತಾಡುವಾಗ ಈ ಸವೆತದ ಲೆಕ್ಕ ಯಾರೂ ಹಾಕುವುದಿಲ್ಲ.

ಒಳಗೆ ಏನಿದೆ

ಜೆಸಿಬಿ ಎಂಬುದು ಒಂದು ಕಂಪನಿಯ ಹೆಸರು. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬುವರು 1945ರಲ್ಲಿ ಇಂಗ್ಲೆಂಡಿನಲ್ಲಿ ಶುರು ಮಾಡಿದ್ದು. ಮುಂದೆ ಲೋಡರ್, ಹಿಂದೆ ಅಗೆಯುವ ಕೈ ಇರುವ ಯಂತ್ರವನ್ನು ಅವರು 1953ರಲ್ಲಿ ತಂದರು. ನಮ್ಮ ದೇಶದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ 1979ರಲ್ಲಿ ಶುರುವಾಯಿತು. ಈಗ ಬೇರೆ ಕಂಪನಿಗಳೂ ಇಂಥ ಗಾಡಿ ಮಾಡುತ್ತವೆ, ನಮ್ಮ ಧಾರವಾಡದಲ್ಲೂ ಟಾಟಾ ಹಿಟಾಚಿಯ ಕಾರ್ಖಾನೆ ಇದೆ. ಊರಲ್ಲಿ ಎಲ್ಲಕ್ಕೂ ಜೆಸಿಬಿ ಎಂದೇ ಹೆಸರು.

ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಲಾರಿಯ ಹಾಗೆ ಕಾಲಲ್ಲಿ ಒತ್ತುವ ಕ್ಲಚ್ ಇಲ್ಲ. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಇದೆ. ಇಂಜಿನ್ ಆಯಿಲನ್ನು ರಭಸದಿಂದ ಎಸೆಯುತ್ತದೆ, ಆ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಮುಂದೆ ಹೋಗಲು ಒಂದು ಕ್ಲಚ್ ಪ್ಯಾಕ್, ಹಿಂದೆ ಹೋಗಲು ಇನ್ನೊಂದು. ಸ್ಟೇರಿಂಗ್ ಪಕ್ಕದ ಲಿವರ್ ಎಳೆದಾಗ ಸೊಲೆನಾಯ್ಡ್ ಎಂಬ ಕರೆಂಟಿನ ವಾಲ್ವ್ ತೆರೆದು ಆಯಿಲ್ ಬೇಕಾದ ಪ್ಯಾಕನ್ನು ಒತ್ತಿ ಹಿಡಿಯುತ್ತದೆ.

ಅಂದರೆ ಬಲ ದಾಟಿಸುವುದು ಆಯಿಲ್, ಕ್ಲಚ್ ಒತ್ತುವುದು ಆಯಿಲ್, ಬಿಸಿ ಹೊತ್ತು ಕೂಲರ್‌ಗೆ ಒಯ್ಯುವುದೂ ಆಯಿಲ್. ಆದ್ದರಿಂದ ಗಾಡಿ ಕದಲದಿದ್ದರೆ ಮೊದಲ ಪ್ರಶ್ನೆ ಆಯಿಲಿನದು, ಎರಡನೆಯದು ಕರೆಂಟಿನದು. ಗೇರು, ಬೇರಿಂಗು, ಪ್ಲೇಟು ಆಮೇಲೆ.

ಏನಾದರೆ ಏನು ನೋಡಬೇಕು

ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಬಕೆಟ್ ನೆಲಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಓಡುವಾಗ ಯಾರೂ ಅಡಿಗೆ ನುಗ್ಗಬಾರದು.

ಗಾಡಿ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ ಎಂದರೆ ಡಿಪ್‌ಸ್ಟಿಕ್ ನೋಡಿ. ಕೆಲವು ಗಾಡಿಯಲ್ಲಿ ಇಂಜಿನ್ ಓಡಿಸಿ ನೋಡಬೇಕು, ಕೆಲವದರಲ್ಲಿ ನಿಲ್ಲಿಸಿ. ನಿಮ್ಮ ಗಾಡಿಗೆ ಯಾವುದು ಎಂಬುದು ಅದರ ಪುಸ್ತಕದಲ್ಲಿದೆ. ತಪ್ಪು ರೀತಿ ನೋಡಿದರೆ ಕಡಿಮೆ ಇದ್ದದ್ದೂ ಸರಿಯಾಗಿದೆ ಎಂದು ಕಾಣುತ್ತದೆ. ಆಯಿಲ್ ಸರಿ ಇದ್ದರೆ ಫ್ಯೂಸ್ ನೋಡಿ. ಹಲವು ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಹಾಕಿದ್ದರೆ ಗಾಡಿ ಎಳೆಯುವುದೇ ಇಲ್ಲ. ಬ್ರೇಕ್ ಬಿಟ್ಟಿದ್ದರೂ ಅದರ ಸ್ವಿಚ್ ಸಿಕ್ಕಿಕೊಂಡಿದ್ದರೆ ಹಾಗೇ ಆಗುತ್ತದೆ. ಗೇರ್ ಲಿವರ್ ಮೇಲಿನ ಸಣ್ಣ ಗುಂಡಿ ಕೆಸರಿನಿಂದ ಒಳಗೇ ಕೂತಿದ್ದರೂ ಅಷ್ಟೇ.

ಮುಂದೆ ಹೋಗುತ್ತದೆ, ರಿವರ್ಸ್ ಬರುವುದಿಲ್ಲ ಎಂದರೆ ಪಂಪು, ಕನ್ವರ್ಟರ್ ಬಹುಮಟ್ಟಿಗೆ ಸರಿ ಇವೆ ಎಂದರ್ಥ. ರಿವರ್ಸ್ ಸೊಲೆನಾಯ್ಡ್‌ಗೆ ಕರೆಂಟ್ ಬರುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ವೈರು, ಕನೆಕ್ಟರ್ ಕೆಸರು ನೀರಲ್ಲಿ ಹಾಳಾಗುವುದು ಮಾಮೂಲು. ಮಲ್ಲೇಶ್ವರಂನ ಒಂದು ಅಡ್ಡರಸ್ತೆಯಲ್ಲಿ ನಾವು ಕಂಡ ಗಾಡಿಗೂ ಹೀಗೇ ಆಗಿತ್ತು. ‘ಪೂರ್ತಿ ಇಳಿಸಬೇಕು’ ಎಂಬ ಮಾತಿಗೆ ಅರ್ಧ ದಿನ ಹೋಯಿತು. ಕೊನೆಗೆ ಸಿಕ್ಕಿದ್ದು ತುಂಡಾದ ಒಂದು ವೈರು.

ಬೆಳಿಗ್ಗೆ ಚೆನ್ನಾಗಿದೆ, ಬಿಸಿಯಾದ ಮೇಲೆ ಜಾರುತ್ತದೆ ಎಂದರೆ ಒತ್ತಡ ಸಾಲುತ್ತಿಲ್ಲ. ಆಯಿಲ್ ಕಡಿಮೆ ಇರಬಹುದು, ಬೇರೆ ಜಾತಿಯ ಆಯಿಲ್ ಹಾಕಿರಬಹುದು, ಫಿಲ್ಟರ್ ಕಟ್ಟಿರಬಹುದು, ಒಳಗಿನ ಸೀಲ್ ಅಥವಾ ಪಂಪು ಸವೆದಿರಬಹುದು. ಗೇಜ್ ಹಾಕಿ ಒತ್ತಡ ಅಳೆಯದೆ ಯಾರೂ ಬಿಚ್ಚಬಾರದು. ‘ಅಳೆದಿರಾ, ಎಷ್ಟು ಬಂತು?’ ಎಂದು ಕೇಳುವ ಹಕ್ಕು ಓನರ್‌ಗೆ ಇದೆ.

ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಸುಟ್ಟ ವಾಸನೆ ಇದ್ದರೆ ಪ್ಲೇಟ್ ಉರಿದಿರಬಹುದು. ಆಯಿಲ್ ಬದಲಿಸುವಾಗ ಕಾಣುವ ನಯವಾದ ಬೂದಿ ಬಣ್ಣದ ಪುಡಿ ಸಾಮಾನ್ಯ ಸವೆತ. ಹೊಳೆಯುವ ಲೋಹದ ಚೂರು ಬಂದರೆ ಒಳಗೆ ಏನೋ ಒಡೆದಿದೆ. ಆಗ ಗಾಡಿ ಓಡಿಸಬೇಡಿ, ಬಿಚ್ಚಲೇಬೇಕು.

ಇನ್ನೊಂದು ಮಾತು. ಕೆಟ್ಟು ನಿಂತ ಗಾಡಿಯನ್ನು ‘ದಾರಿ ಬಿಡಿ’ ಎಂದು ಎಲ್ಲರೂ ಅವಸರ ಮಾಡುತ್ತಾರೆ. ಇಂಜಿನ್ ನಿಂತಾಗ ಗೇರ್‌ಬಾಕ್ಸ್‌ನ ಪಂಪೂ ನಿಂತಿರುತ್ತದೆ. ಹಾಗೇ ದೂರ ಎಳೆದುಕೊಂಡು ಹೋದರೆ ಆಯಿಲ್ ಇಲ್ಲದೆ ಒಳಗಿನ ಭಾಗಗಳು ಉಜ್ಜಿ ಸುಡುತ್ತವೆ. ಪುಸ್ತಕದಲ್ಲಿ ಹೇಳಿದ ಹಾಗೆ ಶಾಫ್ಟ್ ಕಳಚಿ ಎಳೆಯಬೇಕು, ಇಲ್ಲವೇ ಟ್ರೇಲರ್ ಮೇಲೆ ಹಾಕಬೇಕು. ನೂಕಿ ಸ್ಟಾರ್ಟ್ ಮಾಡುವುದೂ ಈ ಗಾಡಿಗೆ ಆಗದು.

ದೋಷ ಆಪರೇಟರ್‌ನದು ಮಾತ್ರವೇ?

‘ಹುಡುಗರು ಒರಟಾಗಿ ಓಡಿಸುತ್ತಾರೆ’ ಎಂದು ಓನರ್‌ಗಳು ಹೇಳುತ್ತಾರೆ. ಸುಳ್ಳಲ್ಲ. ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ರಿವರ್ಸ್ ಎಳೆಯುವುದು, ಬಕೆಟ್ ಮಣ್ಣಿಗೆ ಕಚ್ಚಿ ಗಾಡಿ ಕದಲದಿದ್ದರೂ ಎಕ್ಸಲೇಟರ್ ಒತ್ತಿಯೇ ಇಡುವುದು, ಕಾಂಕ್ರೀಟ್ ರಸ್ತೆಯಲ್ಲೂ ನಾಲ್ಕು ಚಕ್ರದ ಡ್ರೈವ್ ಹಾಕಿಕೊಂಡೇ ಹೋಗುವುದು, ಇವೆಲ್ಲ ಗೇರ್‌ಬಾಕ್ಸ್‌ಗೆ ಕೆಡುಕು. ಆದರೆ ಇದು ತಪ್ಪು ಎಂದು ಅವರಿಗೆ ಯಾರು ಹೇಳಿಕೊಟ್ಟರು? ಹೆಲ್ಪರ್ ಆಗಿ ಸೇರಿ, ಹಿರಿಯ ಆಪರೇಟರ್ ಊಟಕ್ಕೆ ಹೋದಾಗ ಲಿವರ್ ಹಿಡಿದು ಕಲಿತವರು ಎಷ್ಟೋ ಮಂದಿ. ಗಾಡಿಯ ಜೊತೆ ಬಂದ ಪುಸ್ತಕ ಓನರ್ ಮನೆಯ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ. ತೆರೆದರೂ ನಾವು ನೋಡಿದ ಪುಸ್ತಕಗಳು ಕನ್ನಡದಲ್ಲಿ ಇರಲಿಲ್ಲ.

ಗಾಡಿ ಮಾರುವ ಜಾಹೀರಾತು ಕನ್ನಡದಲ್ಲಿ ಬರುತ್ತದೆ, ಸಾಲದ ಕಂತಿನ ನೆನಪೋಲೆಯೂ ಕನ್ನಡದಲ್ಲಿ ಬರುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಏನು ಹೇಳುತ್ತದೆ ಎಂಬುದು ಮಾತ್ರ ಕನ್ನಡಕ್ಕೆ ಬರುವುದಿಲ್ಲ. 2021ರ ಏಪ್ರಿಲ್‌ನಿಂದ ಚಕ್ರದ ಮೇಲೆ ಓಡುವ ಇಂಥ ಯಂತ್ರಗಳಿಗೆ ಹೊಸ ಹೊಗೆ ನಿಯಮ ಬಂದಿದೆ. ಹೊಸ ಗಾಡಿಗಳಲ್ಲಿ ಸೆನ್ಸರು, ಕೋಡು ಹೆಚ್ಚಾಗಿವೆ. ಓದಲು ಬಾರದ ಭಾಷೆಯಲ್ಲಿ ಎಚ್ಚರಿಕೆ ಬಂದರೆ ಅದು ಎಚ್ಚರಿಕೆ ಹೇಗಾಗುತ್ತದೆ?

ಓದಿ ತಿಳಿದರೂ ಹೇಳುವ ಧೈರ್ಯ ಬೇಕು. ‘ಸಾರ್, ಗಾಡಿ ಜಾರುತ್ತಿದೆ’ ಎಂದರೆ ಕಂಟ್ರಾಕ್ಟರ್ ‘ಇವತ್ತು ಮುಗಿಸು, ನಾಳೆ ನೋಡೋಣ’ ಎನ್ನುತ್ತಾರೆ. ರಸ್ತೆ ಮುಚ್ಚಿದೆ, ಜನ ಬೈಯುತ್ತಿದ್ದಾರೆ ಎಂಬ ಅವರ ಕಷ್ಟ ನಮಗೂ ಗೊತ್ತು. ಆದರೆ ಜಾರುವ ಗಾಡಿಯ ಪಕ್ಕದ ಗುಂಡಿಯಲ್ಲಿ ಪೈಪು ಜೋಡಿಸುತ್ತಾ ಕೂತವರೂ ನಮ್ಮೂರಿನವರೇ. ಇಳಿಜಾರಿನಲ್ಲಿ ರಿವರ್ಸ್ ಹಿಡಿಯದೆ ಗಾಡಿ ಮುಂದಕ್ಕೆ ಜಾರಿದರೆ ಹೋಗುವುದು ಒಂದು ದಿನದ ಬಾಡಿಗೆಯಲ್ಲ, ಒಂದು ಮನೆಯ ದುಡಿಯುವ ಜೀವ.

ನಾವು ಕೇಳುವುದು

ಗೊತ್ತಿಲ್ಲದವರು ಬಿಚ್ಚಿದರೆ ಗೇರ್‌ಬಾಕ್ಸ್ ಇನ್ನೂ ಹಾಳು ಎಂಬ ವಾದವಿದೆ. ಒಪ್ಪುತ್ತೇವೆ. ಆಪರೇಟರ್ ಬಿಚ್ಚಲಿ ಎಂದು ನಾವು ಹೇಳುತ್ತಿಲ್ಲ, ನೋಡಿ ಹೇಳುವಷ್ಟು ತಿಳಿದಿರಲಿ ಎನ್ನುತ್ತಿದ್ದೇವೆ.

ಕರ್ನಾಟಕದಲ್ಲಿ ಗಾಡಿ ಮಾರುವ ಕಂಪನಿಗಳು ಆಪರೇಟರ್ ಪುಸ್ತಕವನ್ನೂ ಎಚ್ಚರಿಕೆ ದೀಪ, ಕೋಡುಗಳ ಪಟ್ಟಿಯನ್ನೂ ಕನ್ನಡದಲ್ಲಿ ಕೊಡಲಿ. ಒಂದು ಹಾಳೆಯ ಪಟ್ಟಿ ಕ್ಯಾಬಿನ್ ಗಾಜಿಗೆ ಅಂಟಿಸಿದರೂ ಸಾಕು.

ಸರ್ಕಾರ ರಿಪೇರಿಯ ಹಕ್ಕಿನ ಮಾತಾಡಿದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಅದಕ್ಕಾಗಿ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಗೃಹಬಳಕೆ ವಸ್ತು, ವಾಹನ ಎಂದು ನಾಲ್ಕು ವಲಯ ಹೆಸರಿಸಿತು. ಹಳ್ಳಿಯ ಸಾಲದಲ್ಲಿ ಓಡುವ ಜೆಸಿಬಿಯೂ ಹೆಸರು ಹಿಡಿದು ಆ ಪಟ್ಟಿಗೆ ಬರಬೇಕು. ತಾಲ್ಲೂಕು ಐಟಿಐಗಳಲ್ಲಿ ಇದಕ್ಕೊಂದು ಸಣ್ಣ ಕೋರ್ಸ್ ಶುರುವಾಗಲಿ.

ಓನರ್‌ಗಳಿಗೆ ನಮ್ಮದು ವಿನಂತಿ. ಬೀರುವಿನ ಪುಸ್ತಕ ಕ್ಯಾಬಿನ್‌ಗೆ ಬರಲಿ. ಓದಲು ಕಷ್ಟವಾದರೆ ಊರಿನ ಡಿಪ್ಲೊಮಾ ಓದಿದ ಹುಡುಗಿಯನ್ನೋ ಹುಡುಗನನ್ನೋ ಕೂರಿಸಿ ಮುಖ್ಯ ಪುಟಗಳನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ನೂರು ಪುಟದ ನೋಟ್‌ಬುಕ್ ಒಂದನ್ನು ಗಾಡಿಯಲ್ಲಿಡಿ. ದಿನಾ ಬೆಳಿಗ್ಗೆ ಗಂಟೆ ಮೀಟರ್, ಆಯಿಲ್ ಮಟ್ಟ, ಕೇಳಿದ ಹೊಸ ಸದ್ದು, ಮೂರೇ ಸಾಲು ಬರೆಸಿ. ಮೆಕ್ಯಾನಿಕ್ ಬಂದಾಗ ಮಾತಿಗಿಂತ ಮೊದಲು ಆ ಪುಸ್ತಕ ಕೊಡಿ.

ಆಪರೇಟರ್ ಅಣ್ಣಂದಿರಿಗೂ ಒಂದು ಮಾತು. ಗಾಡಿಯ ಸದ್ದು ಬದಲಾದದ್ದು ನಿಮಗೆ ಗೊತ್ತಾದಷ್ಟು ಬೇಗ ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ದಿನ ಹೇಳಿ. ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ. ನಾಳೆ ‘ನೀನೇ ಕೆಡಿಸಿದೆ’ ಎಂದು ಸಂಬಳ ಹಿಡಿಯಲು ಬಂದರೆ ನಿಮ್ಮ ಪರ ಮಾತಾಡುವುದು ಆ ಮೂರು ಸಾಲು.